ಅಡ್ವಾನ್ಸ್ ಕೊಡುವ ಮೊದಲು ಸಿಬಿಲ್ ನೋಡಿ: ಗೃಹಸಾಲಕ್ಕೆ ತಯಾರಿ ಹೀಗೆ

ಫ್ಲ್ಯಾಟು ಮನಸ್ಸಿಗೆ ಹಿಡಿಸಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಆಮೇಲೆ ಅಗ್ರಿಮೆಂಟ್. ಬ್ಯಾಂಕಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿ ‘ನಿಮ್ಮ ಸಿಬಿಲ್ ಸರಿಯಿಲ್ಲ’ ಅಂದರೆ ಅಡ್ವಾನ್ಸೂ ಸಿಕ್ಕಿಬೀಳುತ್ತದೆ, ಅಗ್ರಿಮೆಂಟಿನ ಗಡುವೂ ಓಡುತ್ತಿರುತ್ತದೆ. ಈ ಕ್ರಮವನ್ನು ಉಲ್ಟಾ ಮಾಡಿ. ಮನೆ ಹುಡುಕಲು ಶುರು ಮಾಡುವ ಮೂರ್ನಾಲ್ಕು ತಿಂಗಳ ಮೊದಲೇ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನೀವು ಸಾಲ ತೆಗೆದು ತೀರಿಸಿದ ಚರಿತ್ರೆಯ ದಾಖಲೆ, ತೆಗೆಸಿ.

ರಿಪೋರ್ಟನ್ನು ಸಾಲು ಸಾಲಾಗಿ ಓದಿ

ಎಲ್ಲವನ್ನೂ ಸಿಬಿಲ್ ಅಂತಲೇ ಕರೆದರೂ ದೇಶದಲ್ಲಿ ಈ ರಿಪೋರ್ಟ್ ಕೊಡುವ ಕ್ರೆಡಿಟ್ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು. ನಿಮ್ಮ ರಿಪೋರ್ಟನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಒಂದೇ ತಿಂಗಳಲ್ಲಿ ನಾಲ್ಕೈದು ಬ್ಯಾಂಕಿಗೆ ಅರ್ಜಿ ಹಾಕಿದರೆ ಇಳಿಯಬಹುದು.

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಇಷ್ಟೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ. ಆದರೂ 750 ದಾಟಿದವರಿಗೆ ಸಾಲ ಸಲೀಸು. ಆ ಅಂಕಿ ನೋಡಿ ಸುಮ್ಮನಾಗಬೇಡಿ, ಒಂದೊಂದು ಖಾತೆಯನ್ನೂ ನೋಡಿ. ಬಿಟ್ಟುಹೋದ ಹಳೇ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬಾಕಿಯಾಗಿ ಬೆಳೆದಿರಬಹುದು. ನೀವು ಜಾಮೀನು ಹಾಕಿದ ನೆಂಟರು ಕಂತು ತಪ್ಪಿಸಿದ್ದರೆ ಅದೂ ನಿಮ್ಮ ಹೆಸರಿನಲ್ಲೇ ಕಾಣುತ್ತದೆ. ಯಾರೋ ನಿಮ್ಮ ಪ್ಯಾನ್ ಬಳಸಿ ಸಾಲ ತೆಗೆದಿದ್ದರೆ ಗೊತ್ತಾಗುವುದೂ ಇಲ್ಲೇ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ‘ಸೆಟಲ್ಡ್’ ಅನ್ನುವ ಒಂದು ಪದದಲ್ಲಿ. 70 ಸಾವಿರ ಬಾಕಿ ಇದ್ದಾಗ ವಸೂಲಿಗೆ ಬಂದವರು ‘40 ಕಟ್ಟಿ, ಕ್ಲೋಸ್ ಮಾಡ್ತೀವಿ’ ಅಂತಾರೆ. ಹೇಗೋ ಹೊಂದಿಸಿ ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ರಿಪೋರ್ಟಿನಲ್ಲಿ ಮಾತ್ರ ‘ಕ್ಲೋಸ್ಡ್’ ಅಂತ ಬರುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಗೃಹಸಾಲ ಕೊಡುವವರಿಗೆ ಅದು ಪೂರ್ತಿ ತೀರಿಸದ ಸಾಲ. ಇಂಥದ್ದು ಇದ್ದರೆ ಆ ಬ್ಯಾಂಕಿಗೇ ಹೋಗಿ ಉಳಿದ ಹಣ ಎಷ್ಟೆಂದು ಬರಹದಲ್ಲಿ ಕೇಳಿ. ಕಟ್ಟಿ, ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂಸ್ ಪತ್ರ ಪಡೆದು, ದಾಖಲೆಯನ್ನು ‘ಕ್ಲೋಸ್ಡ್’ ಅಂತ ಬದಲಿಸಲು ಲಿಖಿತವಾಗಿ ಕೇಳಿ. ಇದನ್ನು ಮುಗಿಸದೆ ಮನೆ ನೋಡಲು ಹೋಗಬೇಡಿ.

ತಪ್ಪು ಬ್ಯಾಂಕಿನದೋ ಕ್ರೆಡಿಟ್ ಕಂಪನಿಯದೋ ಆಗಿದ್ದರೆ ಕ್ರೆಡಿಟ್ ಕಂಪನಿಗೆ ಆನ್‌ಲೈನಿನಲ್ಲೇ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅಲ್ಲೂ ಕೆಲಸ ಆಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಸಾಲದ ಮಾಹಿತಿಯನ್ನು ಕನಿಷ್ಠ 15 ದಿನಕ್ಕೊಮ್ಮೆ ಈ ಕಂಪನಿಗಳಿಗೆ ಕಳಿಸಬೇಕು. ಹಾಗಾಗಿ ತಿದ್ದಿದ್ದು ಮೊದಲಿಗಿಂತ ಬೇಗ ಕಾಣುತ್ತದೆ.

ಕೈಯಿಂದ ಎಷ್ಟು ಹಾಕಬೇಕು?

ಸಾಲ 30 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ ಶೇ 90ರವರೆಗೆ ಬ್ಯಾಂಕ್ ಕೊಡಬಹುದು. 30ರಿಂದ 75 ಲಕ್ಷಕ್ಕೆ ಶೇ 80. ಅದಕ್ಕೂ ಮೇಲೆ ಶೇ 75. ಮನೆ ಬೆಲೆ 10 ಲಕ್ಷ ಮೀರಿದರೆ ಮುದ್ರಾಂಕ, ನೋಂದಣಿ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಂದರೆ 50 ಲಕ್ಷದ ಫ್ಲ್ಯಾಟಿಗೆ ಹೆಚ್ಚೆಂದರೆ 40 ಲಕ್ಷ ಸಾಲ. 10 ಲಕ್ಷ ನಿಮ್ಮದು, ಜೊತೆಗೆ ಕರ್ನಾಟಕದಲ್ಲಿ ನೋಂದಣಿಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಬೇಕು. ಈ ಕೊರತೆ ತುಂಬಲು ಪರ್ಸನಲ್ ಲೋನ್ ತೆಗೆಯಬೇಡಿ. ಅದರ ಕಂತು ಸೇರಿಕೊಂಡು ನಿಮಗೆ ಸಿಗುವ ಗೃಹಸಾಲವೇ ಕಡಿಮೆಯಾಗುತ್ತದೆ.

ಆಸ್ತಿ ಪತ್ರವೂ ಅಷ್ಟೇ ಮುಖ್ಯ. ಬಿ ಖಾತಾ, ರೆವಿನ್ಯೂ ಸೈಟು ಅಂದರೆ ಹೆಚ್ಚಿನ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಇ-ಖಾತಾ, ಇಸಿ (ಋಣಭಾರ ಪತ್ರ) ಮತ್ತು ಹೊಸ ಪ್ರಾಜೆಕ್ಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಇಷ್ಟನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ಸಹಿ ಹಾಕುವ ಮುನ್ನ

2024ರ ಅಕ್ಟೋಬರ್‌ನಿಂದ ಸಾಲದ ಮುಖ್ಯ ವಿವರಗಳ ಹಾಳೆ, ಅಂದರೆ ಕೆಎಫ್‌ಎಸ್ ಕೊಡುವುದು ಕಡ್ಡಾಯ. ಬಡ್ಡಿ, ಪ್ರೊಸೆಸಿಂಗ್ ಫೀ, ಸಾಲದ ಜೊತೆ ಅಂಟಿಸಿದ ವಿಮೆ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಅನ್ನುವುದು ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳ ಹಾಳೆ ಪಕ್ಕಪಕ್ಕ ಇಟ್ಟು ಓದಿ. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲವನ್ನು ರೆಪೊ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರದಂಥ, ಹೊರಗಿನ ದರಕ್ಕೆ ಜೋಡಿಸಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಡ್ಡಾಯ ಇಲ್ಲ. ರೆಪೊ ಇಳಿದಾಗ ನಿಮ್ಮ ಬಡ್ಡಿಯೂ ಇಳಿಯುತ್ತದಾ ಅಂತ ಅಲ್ಲೇ ಕೇಳಿ.

ಬಡ್ಡಿ ಏರಿದಾಗ

2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಇದರಿಂದ ಏನಾಗುತ್ತದೆ ನೋಡಿ. 30 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 7. ತಿಂಗಳ ಕಂತು ಸುಮಾರು 23,260 ರೂಪಾಯಿ. ಒಂದು ವರ್ಷ ಕಟ್ಟಿದ ಮೇಲೂ ಅಸಲು 29 ಲಕ್ಷ 28 ಸಾವಿರ ಉಳಿದಿರುತ್ತದೆ. ಆಗ ಬಡ್ಡಿ ಶೇ 9.5 ಆಯಿತು ಅಂದುಕೊಳ್ಳಿ. ತಿಂಗಳ ಬಡ್ಡಿಯೇ ಹತ್ತಿರ ಹತ್ತಿರ 23,185. ಕಂತು ಅಷ್ಟೇ ಇದ್ದರೆ ಅಸಲಿಗೆ ಹೋಗುವುದು ಬರೀ ಎಪ್ಪತ್ತು ಚಿಲ್ಲರೆ ರೂಪಾಯಿ! ಹೀಗೆ ಎಷ್ಟೋ ಮಂದಿಯ ಸಾಲದ ಅವಧಿ ಅವರಿಗೆ ಗೊತ್ತಿಲ್ಲದೆ ಉದ್ದವಾಯಿತು. ದುಡಿದು ಕಟ್ಟುವವರಿಗೆ ಒಂದು ಮಾತೂ ಹೇಳದೆ ಹೀಗೆ ಮಾಡುವುದು ಅನ್ಯಾಯ ಅಲ್ವಾ? 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಅಂತ ನಿಮ್ಮನ್ನು ಕೇಳಬೇಕು. ಆದಷ್ಟು ಕಂತನ್ನೇ ಏರಿಸಿಕೊಳ್ಳಿ ಅನ್ನುತ್ತೇನೆ. ಬೋನಸ್ ಬಂದಾಗ ಅಸಲಿಗೆ ಕಟ್ಟಿ, ಫ್ಲೋಟಿಂಗ್ ಗೃಹಸಾಲಕ್ಕೆ ಅದರ ಮೇಲೆ ದಂಡ ಹಾಕುವಂತಿಲ್ಲ.

ಸಾಲ ಪೂರ್ತಿ ತೀರಿದ 30 ದಿನದಲ್ಲಿ ಮೂಲ ಪತ್ರ ವಾಪಸ್ ಬರಬೇಕು. ಬ್ಯಾಂಕೇ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಕಂತು ತಪ್ಪಿದರೆ

ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಬಂತು ಅಂದರೆ ಬ್ಯಾಂಕಿನ ಫೋನಿಗೆ ಹೆದರಿ ಸುಮ್ಮನಿರಬೇಡಿ. ಮೊದಲ ಕಂತು ತಪ್ಪುವ ಮುಂಚೆಯೇ ಹೋಗಿ ಸಾಲದ ಮರುಹೊಂದಾಣಿಕೆ ಸಾಧ್ಯವಾ ಅಂತ ಬರಹದಲ್ಲಿ ಕೇಳಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್ ಬರುತ್ತದೆ. ಅದಕ್ಕೆ ಆಕ್ಷೇಪ ಬರೆದು ಕಳಿಸಿ, 15 ದಿನದಲ್ಲಿ ಬ್ಯಾಂಕ್ ಉತ್ತರಿಸಬೇಕು. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿದರೆ ಮನೆ ಉಳಿಯುತ್ತದೆ. ಬ್ಯಾಂಕ್ ಸ್ವಾಧೀನಕ್ಕೆ ಕ್ರಮ ತೆಗೆದುಕೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಅದರ ಪೀಠ ಇದೆ.