ಯಾವ ಕ್ಲಾಸು, ಯಾವ ಸೆಕ್ಷನ್ನು, ಯಾವ ಬ್ಯಾಚು: ಬಳ್ಳಾರಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮೇ ತಿಂಗಳ ಕೊನೆಯ ವಾರ ನಮ್ಮ ಸಂಘದವರ ಫೋನಿಗೆ ಬಿಡುವೇ ಇರುವುದಿಲ್ಲ. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ, ಕುಡಿತಿನಿಯ ವಿದ್ಯುತ್ ಸ್ಥಾವರಕ್ಕೆ, ಬ್ಯಾಂಕಿಗೆ, ಕೋರ್ಟಿಗೆ ವರ್ಗವಾಗಿ ಬಂದವರು. ಮೈಸೂರು, ಹುಬ್ಬಳ್ಳಿ ಕಡೆಯವರು. ಹೈದರಾಬಾದಿನಲ್ಲಿ ಹತ್ತು ವರ್ಷ ಇದ್ದು ವಾಪಸ್ ಬಂದ ಕನ್ನಡದವರು. ಬಾಡಿಗೆ ಮನೆ ಎಲ್ಲಿ ಸಿಗುತ್ತೆ ಅನ್ನುವುದು ಮೊದಲ ಪ್ರಶ್ನೆ. ಈ ಬಿಸಿಲು ಇನ್ನೆಷ್ಟು ದಿನ ಅನ್ನುವುದು ಎರಡನೆಯದು, ಅದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಮೂರನೆಯದು ಹೀಗಿರುತ್ತದೆ: "ಸಾರ್, ನಮ್ಮ ಹುಡುಗನ್ನ ಬಿ ಸೆಕ್ಷನ್ನಿಗೆ ಹಾಕಿದಾರೆ, ಏನಾದ್ರೂ ಮಾಡೋಕಾಗುತ್ತಾ?"

ಇಲ್ಲಿ ಮೂರು ಬೇರೆ ಬೇರೆ ವಿಷಯ ಒಂದಕ್ಕೊಂದು ಸಿಕ್ಕಿಕೊಂಡಿವೆ. ಮಗು ಯಾವ ತರಗತಿ ಅನ್ನುವುದು ಒಂದು. ಆ ತರಗತಿಯ ಯಾವ ಸೆಕ್ಷನ್ ಅನ್ನುವುದು ಇನ್ನೊಂದು. ಸೆಕ್ಷನ್ ಒಳಗೆ ಟೀಚರು ಯಾವ ಗುಂಪಿನಲ್ಲಿ ಕೂರಿಸುತ್ತಾರೆ ಅನ್ನುವುದು ಮೂರನೆಯದು. ಮೊದಲನೆಯದನ್ನು ನಿಯಮ ನಿರ್ಧರಿಸುತ್ತದೆ, ಎರಡನೆಯದನ್ನು ಶಾಲೆಯ ಅನುಕೂಲ. ಮೂರನೆಯದು ಮಾತ್ರ ಮಗುವಿನ ಕಲಿಕೆಗೆ ಸಂಬಂಧಪಟ್ಟದ್ದು. ನಾವೆಲ್ಲ ಜಗಳ ಆಡುವುದು ಎರಡನೆಯದಕ್ಕೆ.

ತರಗತಿಯ ಮಾತು ಮೊದಲು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. 2025-26ರಲ್ಲಿ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. "ಪಕ್ಕದ ಮನೆಯವರ ಮಗುವಿಗೆ ಆಗಿತ್ತಲ್ಲ" ಅಂತ ಅದನ್ನೇ ನಂಬಿಕೊಂಡು ಹೋಗಬೇಡಿ, ಈ ವರ್ಷದ ಮಾತೇನು ಅಂತ ಶಾಲೆಯಲ್ಲೇ ವಿಚಾರಿಸಿ. ದೊಡ್ಡ ಮಕ್ಕಳಿಗೆ ಟಿಸಿ ನೋಡುತ್ತಾರೆ. ರಾಜ್ಯದೊಳಗಿನಿಂದ ಬಂದಿದ್ದರೆ ಮಗುವಿನ ಸ್ಯಾಟ್ಸ್ ನಂಬರ್ (ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ನಂಬರ್) ಕೈಯಲ್ಲಿರಲಿ, ಹಳೆ ಶಾಲೆಯವರು ಅದನ್ನು ಅಲ್ಲಿಂದ ಬಿಟ್ಟುಕೊಟ್ಟಿರಬೇಕು. ಹೊರರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು. ಊರು ಬಿಡುವ ಮುಂಚೆಯೇ ಅದನ್ನು ಹಾಕಿಸಿಕೊಂಡು ಬಂದರೆ ಒಂದು ರಜೆ ಉಳಿಯುತ್ತದೆ.

ಟಿಸಿ ತಡವಾಯಿತು ಅಂತ ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಎಂಟನೇ ತರಗತಿವರೆಗೆ 2009ರ ಶಿಕ್ಷಣ ಹಕ್ಕು ಕಾಯಿದೆ ಇದನ್ನು ನೇರವಾಗಿ ಹೇಳುತ್ತದೆ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ಬೇರೆ ತರಬೇತಿ ಕೊಡಬೇಕು ಅಂತಲೂ ಅದರಲ್ಲಿದೆ. ಸೇರಿಸಿಕೊಳ್ಳುವುದಕ್ಕೆ ಮಗುವಿಗೋ ಅಪ್ಪ ಅಮ್ಮನಿಗೋ ಪರೀಕ್ಷೆ ಮಾಡುವಂತಿಲ್ಲ, ಮಾಡಿದರೆ ಮೊದಲ ಸಲಕ್ಕೇ 25,000 ರೂಪಾಯಿವರೆಗೆ ದಂಡ. ಸೇರಿದ ಮೇಲೆ ಏನು ಬರುತ್ತೆ, ಏನು ಬರಲ್ಲ ಅಂತ ಟೀಚರು ನೋಡುವುದು ಬೇರೆ. ಅದು ಬೇಕೇ ಬೇಕು.

ಹತ್ತನೇ ತರಗತಿಯ ಮಕ್ಕಳಿದ್ದವರು ಮಾತ್ರ ಹುಷಾರು. ಸಿಬಿಎಸ್‌ಇಯಲ್ಲಿ ಒಂಬತ್ತರಲ್ಲೇ ನೋಂದಣಿ ಆಗಿರುತ್ತದೆ, ಹತ್ತಕ್ಕೆ ನೇರವಾಗಿ ಬರುವುದಕ್ಕೆ ವರ್ಗಾವಣೆಯಂಥ ಸರಿಯಾದ ಕಾರಣದ ಕಾಗದ ಬೇಕು. ನಿಮ್ಮ ವರ್ಗಾವಣೆ ಆದೇಶದ ಎರಡು ಪ್ರತಿ ಹೆಚ್ಚಿಗೆ ಇಟ್ಟುಕೊಳ್ಳಿ.

ಇನ್ನು ಸೆಕ್ಷನ್. ನಾನೂ ಇದಕ್ಕಾಗಿ ಜಗಳ ಆಡಿದವನೇ. ಮಗಳನ್ನು ಬಿಗೆ ಹಾಕಿದರು ಅಂತ ಮುಖ ಕೆಂಪಗೆ ಮಾಡಿಕೊಂಡು ಆಫೀಸಿಗೆ ನುಗ್ಗಿದ್ದೆ. ಹೆಡ್‌ಮಿಸ್ಸು ಸುಮ್ನೆ ರಿಜಿಸ್ಟರ್ ತಿರುಗಿಸಿ ನನ್ನ ಮುಂದಿಟ್ಟರು. ಎ ಸೆಕ್ಷನ್ ಅಂದರೆ ಏಪ್ರಿಲ್‌ನಲ್ಲಿ ಫೀಸು ಕಟ್ಟಿದವರು, ಅಷ್ಟೇ! ಬಿ ಅಂದರೆ ನನ್ನ ಹಾಗೆ ಮೇ ಕೊನೆಗೆ ಬಂದವರು. ಎಷ್ಟೋ ಕಡೆ ಇದಕ್ಕಿಂತ ದೊಡ್ಡ ರಹಸ್ಯ ಏನೂ ಇರುವುದಿಲ್ಲ. ಹುಡುಗರು ಹುಡುಗಿಯರು ಸಮ ಇರಲಿ, ಅವಳಿಜವಳಿ ಬೇರೆ ಬೇರೆ ಕೂರಲಿ, ಒಂದೇ ಬಸ್ಸಿನವರು ಒಟ್ಟಿಗಿರಲಿ, ಇಂಥವೇ. ಸಿಬಿಎಸ್‌ಇ ಶಾಲೆಗಳಲ್ಲಿ ಒಂದು ಸೆಕ್ಷನ್ನಿಗೆ 40 ಮಕ್ಕಳು ಅನ್ನುವ ಲೆಕ್ಕವೂ ಇದೆ.

ನಿಜಕ್ಕೂ ಕೇಳಬೇಕಾದ ಒಂದು ಕಾರಣ ಭಾಷೆ. ಟೈಮ್‌ಟೇಬಲ್ ಸುಲಭ ಆಗಲಿ ಅಂತ ಕೆಲವು ಶಾಲೆಗಳು ಭಾಷೆಯ ಮೇಲೆ ಸೆಕ್ಷನ್ ಮಾಡುತ್ತವೆ. ಕನ್ನಡ ಮೊದಲ ಭಾಷೆಯವರು ಒಂದು ಕಡೆ, ಇಂಗ್ಲಿಷ್ ಮೊದಲ, ಕನ್ನಡ ಎರಡನೆಯದು ಇನ್ನೊಂದು ಕಡೆ. ಇದು ಮುಂದೆ ಎಸ್ಸೆಸ್ಸೆಲ್ಸಿವರೆಗೂ ಜೊತೆಗೇ ಬರುತ್ತದೆ, ಮೊದಲ ಭಾಷೆಗೆ 125 ಅಂಕ ಇರುವುದು ನೆನಪಿರಲಿ. ಅಕ್ಷರ ನೋಡಿ ಒಪ್ಪಬೇಡಿ, "ಈ ಸೆಕ್ಷನ್ನಿನಲ್ಲಿ ಮೊದಲ ಭಾಷೆ ಯಾವುದು?" ಅಂತ ಕೇಳಿ. ಅಂಕದ ಮೇಲೆ ಸೆಕ್ಷನ್ ಮಾಡುವ ಶಾಲೆಗಳೂ ಇವೆ. ನನಗಂತೂ ಅದು ಸರಿ ಅನ್ನಿಸುವುದಿಲ್ಲ. ಕೊನೆಯ ಸೆಕ್ಷನ್ನಿನ ಮಕ್ಕಳಿಗೆ ತಾವು ಯಾಕೆ ಅಲ್ಲಿದ್ದೇವೆ ಅಂತ ಯಾರೂ ಹೇಳಬೇಕಾಗಿಲ್ಲ, ಒಂದು ವಾರದಲ್ಲಿ ಗೊತ್ತಾಗಿರುತ್ತೆ.

ಈಗ ಗುಂಪು. ಸರ್ಕಾರಿ ಶಾಲೆಯ ನಲಿ ಕಲಿ ಕೋಣೆಗೆ, ಅಂದರೆ ಚಿಕ್ಕ ಮಕ್ಕಳು ಚಟುವಟಿಕೆಯಿಂದ ಕಲಿಯುವ ಕೋಣೆಗೆ, ಒಮ್ಮೆ ಹೋಗಿ ನೋಡಿ. ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೂತಿರುತ್ತವೆ. ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ಗುಂಪು, ಹೊಸಬರು ಊಟದ ತಟ್ಟೆ ಅಂದುಕೊಳ್ಳುತ್ತಾರೆ. ಮೊದಲ ತಟ್ಟೆಯವರಿಗೆ ಟೀಚರು ಪಕ್ಕದಲ್ಲೇ ಕೂತು ಕಲಿಸುತ್ತಾರೆ. ಎರಡನೆಯದರಲ್ಲಿ ಟೀಚರ ಸಹಾಯ ಸ್ವಲ್ಪ. ಮೂರು, ನಾಲ್ಕರಲ್ಲಿ ಗೆಳೆಯರ ಸಹಾಯ. ಐದರಲ್ಲಿ ಮಗು ತಾನೇ ಕಲಿಯುತ್ತದೆ. ಮಗು ಒಂದು ಮೆಟ್ಟಿಲು ಮುಗಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಒಂದೇ ಮಗು ಇವತ್ತು ಕನ್ನಡದಲ್ಲಿ ಮೊದಲ ತಟ್ಟೆ, ಗಣಿತದಲ್ಲಿ ಐದನೆಯದು ಇರಬಹುದು. ಗುಂಪು ಅಂದರೆ ಹೀಗಿರಬೇಕು, ದಿನಕ್ಕೆ ತಕ್ಕಂತೆ ಬದಲಾಗಬೇಕು.

ಮೇಲಿನ ತರಗತಿಗಳಲ್ಲಿ ಜೂನ್‌ನಲ್ಲಿ ಸೇತುಬಂಧ ನಡೆಯುತ್ತದೆ, ಹಿಂದಿನ ತರಗತಿಯ ಪಾಠವನ್ನು ಮತ್ತೆ ಗಟ್ಟಿ ಮಾಡಿಸುವುದು. ಶುರುವಿನಲ್ಲಿ ಒಂದು ಪೂರ್ವ ಪರೀಕ್ಷೆ, ಹಿಂದಿನ ವರ್ಷದ ಪಾಠದ ಮೇಲೆ. ಕೊನೆಗೆ ಸಾಫಲ್ಯ ಪರೀಕ್ಷೆ. ಈ ಅಂಕ ಎಲ್ಲೂ ಸೇರುವುದಿಲ್ಲ ಅಂತ ಮನೆಯಲ್ಲಿ ಮಕ್ಕಳನ್ನು ಆ ದಿನ ಉಳಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೀಚರು ನಿಮ್ಮ ಮಗುವನ್ನು ಮೊದಲ ಸಲ ಗಮನವಿಟ್ಟು ನೋಡುವುದೇ ಅವತ್ತು. ಜೊತೆಗೆ ಹಳೆ ಶಾಲೆಯ ಕನ್ನಡ ಮತ್ತು ಗಣಿತದ ನೋಟ್‌ಬುಕ್ ಕಳಿಸಿ. ಮಾರ್ಕ್ಸ್ ಕಾರ್ಡಿಗಿಂತ ಅದು ಜಾಸ್ತಿ ಹೇಳುತ್ತದೆ.

ಗುಂತಕಲ್ ಕಡೆಯಿಂದ ಬಂದ ಒಬ್ಬ ಹುಡುಗನ ಪುಸ್ತಕ ನೋಡಿದ್ದೇನೆ. ತೆಲುಗು ಮಾಧ್ಯಮದಲ್ಲಿ ನಾಲ್ಕನೇ ತರಗತಿ ಮುಗಿಸಿದ್ದ. ಕನ್ನಡ ಬರಲ್ಲ ಅಂತ ಅವರಪ್ಪನೇ ಹೇಳಿದ್ದರು. ಬರೆಯುವುದಕ್ಕೆ ಕೊಟ್ಟರೆ ಹೆಚ್ಚಿನ ಅಕ್ಷರಗಳು ಸರಿ, ತಲೆಕಟ್ಟು ಮಾತ್ರ ತೆಲುಗಿನ ಹಾಗೆ, ಮೇಲೊಂದು ಸರಿ ಗುರುತು ಹಾಕಿದಂತೆ. 'ಕ' ಬಂದಾಗ ನಿಂತುಬಿಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಏಳೆಂಟು ಅಕ್ಷರ, ಒಂದನೇ ತರಗತಿಯ ಪಾಠ ಅಲ್ಲ. ಅದೇ ಬಿಹಾರದಿಂದ ಬಂದ ಮಗುವಿಗೆ ಮಾತಿನಿಂದಲೇ ಶುರು ಮಾಡಬೇಕು. 'ಬಳ್ಳಾರಿ' ಅನ್ನುವ ಹೆಸರಲ್ಲೇ 'ಳ' ಇದೆ ನೋಡಿ, ನಾಲಿಗೆ ತಿರುಗಬೇಕು. ಇಬ್ಬರನ್ನೂ "ಕನ್ನಡ ಬಾರದವರು" ಅಂತ ಒಂದೇ ಬೆಂಚಿಗೆ ಹಾಕಿದರೆ ಇಬ್ಬರಿಗೂ ಲುಕ್ಸಾನು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮುಂಚೆಯಿಂದಲೂ ಎರಡು ಭಾಷೆಯಲ್ಲಿ ಬದುಕಿದ ಊರು ಇದು. ಹಳೇ ಟೀಚರುಗಳಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಹೊಸಬರಿಗೆ ನೀವೇ ಹೇಳಿ.

ಸಂಗೀತ, ನೃತ್ಯದ ಕ್ಲಾಸುಗಳಲ್ಲಿ ಇರುವುದು ಈ ಮೂರನೇ ಲೆಕ್ಕ, ಗುಂಪಿನದು, ಒಂದೇ. ಅಲ್ಲಿ ಟಿಸಿ ಇಲ್ಲ, ವಯಸ್ಸಿನ ನಿಯಮ ಇಲ್ಲ. ಅದಕ್ಕೇ ಮನಸ್ತಾಪ ಜಾಸ್ತಿ. ಮೈಸೂರಿನಿಂದ ಬಂದ ಒಬ್ಬ ತಾಯಿ ಮಗಳು ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಗುರುಗಳು ಅದನ್ನು ತೆಗೆದು ಪಕ್ಕಕ್ಕಿಟ್ಟರು. ಶ್ರುತಿಪೆಟ್ಟಿಗೆ ಹಾಕಿ, "ಒಂದು ಸರಳೆ ಹಾಡಮ್ಮ" ಅಂದರು. ಸರಳೆ ಅಂದರೆ ಶುರುವಿನ ಸ್ವರಪಾಠ, ಅದನ್ನೇ ಒಂದೊಂದು ಕಾಲಕ್ಕೂ ವೇಗ ಹೆಚ್ಚಿಸಿ ಹಾಡಬೇಕು. ಒಂದನೇ ಕಾಲ ಚೆನ್ನಾಗಿತ್ತು. ಎರಡನೇ ಕಾಲಕ್ಕೆ ಬರುವಾಗ ಕೈಯ ತಾಳ ಓಡಿತು, ಮೂರನೆಯದಕ್ಕೆ ಹುಡುಗಿ ತಾನೇ ನಿಲ್ಲಿಸಿತು. ಸರಳೆಯ ನಂತರದ ಪಾಠವಾದ ಜಂಟಿ ವರಸೆಯ ಬ್ಯಾಚಿಗೆ ಹಾಕಿದರು. ತಾಯಿಗೆ ಅವಮಾನ ಆದಂತಾಯಿತು. ಆದರೆ ಪರೀಕ್ಷೆ ಪಾಸಾಗಿ ಒಂದೂವರೆ ವರ್ಷ ಆಗಿತ್ತು, ಅಷ್ಟರಲ್ಲಿ ಸಾಧನೆ ಬಿಟ್ಟಿದ್ದಳು. ಎರಡು ತಿಂಗಳಲ್ಲಿ ಅದಕ್ಕಿಂತ ಮೇಲಿನ ವರ್ಣದ ಬ್ಯಾಚಿಗೆ ಬಂದಳು.

ಇನ್ನೊಂದು ವಿಷಯ. ನಮ್ಮ ಕಡೆ ಕರ್ನಾಟಕ ಸಂಗೀತ ಕಲಿಸುವವರೂ ಇದ್ದಾರೆ, ಹಿಂದೂಸ್ತಾನಿ ಕಲಿಸುವವರೂ ಇದ್ದಾರೆ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಒಂದು ದಾರಿ. ಗಾಂಧರ್ವ ಮಹಾವಿದ್ಯಾಲಯದ ಹಿಂದೂಸ್ತಾನಿ ಪರೀಕ್ಷೆಗಳಾದ ಪ್ರವೇಶಿಕಾ, ಮಧ್ಯಮಾ, ವಿಶಾರದ ಇನ್ನೊಂದು ದಾರಿ. ಜೂನಿಯರ್ ಆಗಿದೆ, ನೇರ ಮಧ್ಯಮಾಗೆ ಕೂರಿಸಿ ಅಂತ ಕೇಳಬೇಡಿ. ಮನೆ ಹತ್ತಿರ ಅಂತ ಪದ್ಧತಿ ಬದಲಿಸುವುದಕ್ಕಿಂತ ಆಟೋ ಖರ್ಚು ಮಾಡುವುದು ಮೇಲು. ನೃತ್ಯದಲ್ಲೂ ಹಾಗೆ. ಕೂಚಿಪುಡಿ ಕಲಿತ ಮಗು ಭರತನಾಟ್ಯಕ್ಕೆ ಬಂದರೆ ಅರೆಮಂಡಿ (ಮಂಡಿ ಬಗ್ಗಿಸಿ ನಿಲ್ಲುವುದು), ತಟ್ಟಡವು (ಮೊದಲ ಹೆಜ್ಜೆಗಳು) ಇವುಗಳಿಂದಲೇ ಶುರು. ಅದು ಇಳಿಸಿದ್ದಲ್ಲ. ಆದರೆ ಆರು ತಿಂಗಳಾದರೂ ಮುಂದಕ್ಕೆ ಹಾಕದೆ, ಯಾಕೆ ಅಂತಲೂ ಹೇಳದೆ ಇದ್ದರೆ ಕೇಳಲೇಬೇಕು.

ಮನೆಯಲ್ಲಿ ಟೀಚರು ಇದ್ದರೆ ಅವರಿಗೂ ಎರಡು ಮಾತು. ಒಂದರಿಂದ ಐದಕ್ಕೆ ಡಿಎಡ್, ಆರರಿಂದ ಎಂಟಕ್ಕೆ ಪದವಿಯ ಜೊತೆ ಡಿಎಡ್ ಅಥವಾ ಬಿಎಡ್, ಎರಡಕ್ಕೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). ಇದು ಅರ್ಹತೆಯ ಮಾತು. ಯಾವ ತರಗತಿ ಸಿಗುತ್ತದೆ ಅನ್ನುವುದು ಖಾಲಿ ಇರುವ ಪೀರಿಯಡ್‌ಗಳ ಮೇಲೆ. ಖಾಸಗಿ ಶಾಲೆಯಲ್ಲಿ ಡೆಮೊ ಕ್ಲಾಸ್ ಒಂಬತ್ತನೆಯದಕ್ಕೆ ತೆಗೆದುಕೊಂಡು, ನಾಲ್ಕನೆಯದು ಕೊಟ್ಟದ್ದೂ ಇದೆ. ವಾರಕ್ಕೆ ಎಷ್ಟು ಪೀರಿಯಡ್, ಕ್ಲಾಸ್ ಟೀಚರ್ ಜವಾಬ್ದಾರಿ ಇದೆಯಾ, ಸಂಬಳ ಯಾವ ಹಂತದ್ದು, ಈ ಮೂರನ್ನು ಸೇರುವ ಮುಂಚೆ ಬರೆಸಿಕೊಳ್ಳಿ. ಸರ್ಕಾರಿ ಹುದ್ದೆಗೆ 371ಜೆ ಮೀಸಲಾತಿ, ಅಂದರೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಸಂವಿಧಾನದ ಆ ವಿಧಿಯಡಿ ಕೊಟ್ಟ ಮೀಸಲಾತಿ, ಇದೆ. ಇಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ. ಬಾಡಿಗೆ ಕರಾರು ತೋರಿಸಿದರೆ ಸ್ಥಳೀಯರಾಗುವುದಿಲ್ಲ, ಅರ್ಜಿ ಹಾಕುವ ಮುಂಚೆ ಆ ನಿಯಮ ಓದಿಕೊಳ್ಳಿ. ಸಂಗೀತ ಶಾಲೆಗಳಲ್ಲಿ ಹೊಸದಾಗಿ ಬಂದ ವಿದ್ವತ್ ಆದವರಿಗೂ ಮೊದಲು ಚಿಕ್ಕ ಮಕ್ಕಳ ಬ್ಯಾಚನ್ನೇ ಕೊಡುವುದುಂಟು. ಬೇಜಾರು ಬೇಡ. ಚಿಕ್ಕವರಿಗೆ ಶ್ರುತಿ ಕೂರಿಸುವುದೇ ಕಷ್ಟದ ಕೆಲಸ.

ಶಾಲೆಯಲ್ಲಿ ಏನಾದರೂ ಬದಲಾಯಿಸಬೇಕು ಅನ್ನಿಸಿದರೆ ಮೊದಲ ವಾರವೇ ಹೋಗಬೇಡಿ. ಸೇತುಬಂಧ ಮುಗಿಯಲಿ, ಮೊದಲ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ಮೊದಲ ಕಿರುಪರೀಕ್ಷೆಯ) ಉತ್ತರ ಪತ್ರಿಕೆ ಕೈಗೆ ಬರಲಿ. ಅದನ್ನು ಹಿಡಿದುಕೊಂಡು ಕ್ಲಾಸ್ ಟೀಚರ ಹತ್ತಿರ ಹೋಗಿ, ಆಮೇಲೆ ಹೆಡ್‌ಮಾಸ್ಟರು. ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಬಳ್ಳಾರಿಯಲ್ಲಿ ಪೂರ್ವ, ಪಶ್ಚಿಮ ಅಂತ ಎರಡು ವಲಯ ಇವೆ. ನಿಮ್ಮ ಶಾಲೆ ಯಾವುದಕ್ಕೆ ಸೇರುತ್ತೆ ಅಂತ ಮನೆಯಿಂದ ಹೊರಡುವ ಮುಂಚೆಯೇ ಕೇಳಿಕೊಳ್ಳಿ, ಇಲ್ಲಾಂದ್ರೆ ಈ ಬಿಸಿಲಲ್ಲಿ ಎರಡು ಕಡೆ ಅಲೆಯಬೇಕಾಗುತ್ತೆ.