ಇಲ್ಲಿ ಯಾವ ತಿಂಗಳು ಏನೂ ಬೆಳೆಯಲ್ಲ?

ಹೊಸ ಊರಿಗೆ ಹೋದರೆ ಎಲ್ಲರೂ ಕೇಳುವುದು ಇಲ್ಲಿ ಯಾವ ತರಕಾರಿ ಚೆನ್ನಾಗಿ ಬರುತ್ತದೆ ಅಂತ. ನಾನು ಉಲ್ಟಾ ಕೇಳುತ್ತೇನೆ. ಇಲ್ಲಿ ಯಾವ ತಿಂಗಳು ಏನೂ ಬೆಳೆಯಲ್ಲ? ಪ್ರತಿ ಊರಿಗೂ ಅಂಥದ್ದೊಂದು ಕಾಲ ಇದ್ದೇ ಇರುತ್ತದೆ. ಅದು ಗೊತ್ತಾದರೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರಬಹುದು. ಬೀಜ ಯಾವಾಗ ಹಾಕಬೇಕು, ಸಸಿ ಯಾವಾಗ ನೆಡಬೇಕು, ಎಲ್ಲ ಆ ಲೆಕ್ಕದಲ್ಲೇ ಸಿಗುತ್ತದೆ.

ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾದ ಮೇಲೆ ಮನೆಯವರ ವರ್ಗಾವಣೆ ಆಗಿ ಕಲಬುರಗಿಯಲ್ಲಿ ಹಲವು ವರ್ಷ ಇದ್ದೆವು. ಈಗ ಬೆಂಗಳೂರು. ಮೂರೂ ಕಡೆ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಏನಾದರೂ ಬೆಳೆಯುತ್ತಲೇ ಬಂದಿದ್ದೇನೆ. ಬೀಜದ ಪೊಟ್ಟಣದ ಹಿಂದೆ 'ಜೂನ್–ಜುಲೈ ಬಿತ್ತನೆ' ಅಂತ ಅಚ್ಚಾಗಿರುತ್ತದೆ. ಯಾವ ಊರಿನ ಜುಲೈ ಅದು? ತೀರ್ಥಹಳ್ಳಿಯ ಜುಲೈನಲ್ಲಿ ಅಂಗಳಕ್ಕೆ ಇಳಿಯೋದೇ ಕಷ್ಟ. ಕಲಬುರಗಿಯಲ್ಲಿ ಆಗಷ್ಟೇ ನೆಲ ಹದಕ್ಕೆ ಬಂದಿರುತ್ತದೆ. ಬೆಂಗಳೂರಿನಲ್ಲಿ ಮೋಡ, ತುಂತುರು, ತಣ್ಣನೆ ಗಾಳಿ. ಒಂದೇ ಪೊಟ್ಟಣ ಮೂರೂ ಕಡೆ ಒಂದೇ ಮಾತು ಹೇಳಿದರೆ ಹೇಗೆ?

ಮಲೆನಾಡಿನಲ್ಲಿ ಕೆಟ್ಟ ಕಾಲ ಅಂದರೆ ಜೂನ್ ಮಧ್ಯದಿಂದ ಆಗಸ್ಟ್ ಕೊನೆ. ನಮ್ಮ ತಾಲ್ಲೂಕಿನದೇ ಆದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ನಮ್ಮ ಮನೆ ಕಡೆ ಅಷ್ಟಿಲ್ಲ. ಆದರೂ ಟೊಮೆಟೊ, ಮೆಣಸಿನಕಾಯಿ, ಕೊತ್ತಂಬರಿಗೆ ಆ ಮಳೆ ತಡೆಯೋಕಾಗಲ್ಲ. ಹನಿ ಹೊಡೆತಕ್ಕೆ ಸಸಿ ಮಲಗುತ್ತದೆ, ಬೇರು ಕೊಳೆಯುತ್ತದೆ, ಬಿಸಿಲಿಲ್ಲದೆ ಎಲೆ ಬಿಳಚುತ್ತದೆ. ಹಾಗಾಗಿ ನಮ್ಮಲ್ಲಿ ಹಿತ್ತಲಿಗೆ ಎರಡು ಪಾಳಿ. ಮಳೆ ತಾಳಿಕೊಳ್ಳುವುದು ಒಂದು, ಮಳೆ ಬಿಟ್ಟ ಮೇಲಿನದು ಇನ್ನೊಂದು.

ಮಳೆಗಾಲದ್ದರಲ್ಲಿ ಮುಖ್ಯ ಸೌತೆ. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಕೂಡಲೇ ಬೀಜ ಊರಬೇಕು. ಜಡಿಮಳೆ ಹಿಡಿಯುವ ಹೊತ್ತಿಗೆ ಬಳ್ಳಿಗೆ ನಾಲ್ಕೈದು ಎಲೆ ಬಂದಿರಬೇಕು. ಆಮೇಲೆ ಅದು ಮಳೆಯಲ್ಲೇ ಚಪ್ಪರ ಹತ್ತುತ್ತದೆ. ಹದಿನೈದು ದಿನ ತಡವಾದರೆ ಮೊಳಕೆ ನೀರಲ್ಲೇ ಕರಗಿ ಹೋಗುತ್ತದೆ. ಆರಿದ್ರೆ ಮಳೆ ಶುರುವಾಗೋ ಮೊದಲು ಬಳ್ಳಿ ಕೋಲು ಹಿಡಿದಿರಬೇಕು ಅಂತ ಅಮ್ಮ ಹೇಳುತ್ತಿದ್ದರು. ಆರಿದ್ರೆ ಬರೋದು ಜೂನ್ 21–22ಕ್ಕೆ. ಈಗಲೂ ನನ್ನ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿರುತ್ತೇನೆ. ಸೌತೆಯ ಜೊತೆಗೆ ಹೀರೆ, ಹಾಗಲ, ಬಚ್ಚಲ ನೀರು ಹರಿಯುವಲ್ಲಿ ಕೆಸು. ಇಷ್ಟಿದ್ದರೆ ಮಳೆಗಾಲ ದಾಟುತ್ತದೆ.

ಮಲೆನಾಡಿನಲ್ಲಿ ಏರುಮಡಿ ಇಲ್ಲದೆ ಏನೂ ಮಾಡಬೇಡಿ. ಅಗಲ ಎರಡೂವರೆ ಅಡಿ, ಎತ್ತರ ಒಂದು ಅಡಿಯಾದರೂ ಇರಲಿ. ಸುತ್ತ ಕಾಲುವೆ ತೆಗೆದು ನೀರಿಗೆ ದಾರಿ ತೋರಿಸಿ. ಗೊಬ್ಬರ ಒಂದೇ ಸಲ ಸುರಿಯಬಾರದು. ಆ ಮಳೆಗೆ ಗೊಬ್ಬರದ ಸಾರವೆಲ್ಲ ತೊಳೆದು ತೋಡಿಗೆ ಹೋಗುತ್ತದೆ. ನಾನು ಹಟ್ಟಿಗೊಬ್ಬರವನ್ನು ಮುಚ್ಚಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಬೊಗಸೆಯಷ್ಟು ಕೊಡುತ್ತೇನೆ. ಬರೀ ಗೊಬ್ಬರ ಹೋಗೋದಲ್ಲ, ಮಣ್ಣಿನ ಸುಣ್ಣದಂಶವೂ ತೊಳೆದು ಹೋಗುತ್ತದೆ. ಅದಕ್ಕೇ ಮಲೆನಾಡಿನ ಮಣ್ಣು ಹುಳಿ. ಮಳೆ ನಿಂತ ಮೇಲೆ, ಎರಡನೇ ಪಾಳಿಗೆ ಮೊದಲು, ಒಲೆಯ ಬೂದಿ ಇಲ್ಲವೇ ಸ್ವಲ್ಪ ಕೃಷಿ ಸುಣ್ಣ ಮಣ್ಣಿಗೆ ಬೆರೆಸುವುದನ್ನು ನಾನು ಯಾವತ್ತೂ ಬಿಟ್ಟಿಲ್ಲ. ಬಸವನಹುಳಕ್ಕೆ ಮದ್ದು ಸರಳ. ಸಂಜೆ ಒದ್ದೆ ಗೋಣಿಚೀಲ ಮಡಿಯ ಪಕ್ಕ ಹಾಸಿ, ಬೆಳಗ್ಗೆ ಎತ್ತಿ ನೋಡಿ. ಅಡಿಯಲ್ಲಿ ಸೇರಿಕೊಂಡಿರುತ್ತವೆ. ಉಪ್ಪುನೀರಿನ ಬಕೆಟ್ಟಿಗೆ ಹಾಕಿದರೆ ಆಯಿತು. ಮಂಗಕ್ಕೆ ಮಾತ್ರ ನನಗೆ ಗೊತ್ತಿರುವ ಉಪಾಯ ಒಂದೇ, ಮನೆಯಲ್ಲಿ ಜನ ಇರುವುದು.

ಎರಡನೇ ಪಾಳಿ ಸೆಪ್ಟೆಂಬರ್ ಕೊನೆಯಲ್ಲಿ ಶುರು. ಬದನೆ, ಮೆಣಸು, ಟೊಮೆಟೊ ಬೀಜವನ್ನು ಜಗಲಿಯಲ್ಲೇ ಟ್ರೇಗೆ ಹಾಕಿ, ಅಕ್ಟೋಬರ್ ಕೊನೆಗೆ ಮಡಿಗೆ ನೆಡುತ್ತೇನೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮಲೆನಾಡಿನಲ್ಲಿ ಹೂ ಬಿಟ್ಟ ಟೊಮೆಟೊ ಗಿಡ ನಿನ್ನೆ ಹಸಿರಾಗಿತ್ತು, ಇವತ್ತು ಬಾಡಿ ನಿಂತಿದೆ ಅನ್ನೋದು ಸಾಮಾನ್ಯ. ನೀರು ಕಮ್ಮಿಯಾಯಿತು ಅಂತ ಮತ್ತಷ್ಟು ನೀರು ಹಾಕುತ್ತಾರೆ. ಮೊದಲು ಆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತುದಿ ಅದ್ದಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಮಣ್ಣಿನಲ್ಲೇ ಇರುವ ರೋಗ, ಸಿಂಪಡಿಸಿದರೆ ಹೋಗಲ್ಲ. ಆ ಗಿಡವನ್ನು ಬೇರು ಸಮೇತ ಕಿತ್ತು ಸುಡಬೇಕು. ಆ ಮಡಿಗೆ ಒಂದೆರಡು ವರ್ಷ ಟೊಮೆಟೊ, ಬದನೆ, ಮೆಣಸು ಯಾವುದೂ ಬೇಡ. ಹರಿವೆ, ಅಲಸಂದೆ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ತವರಿನ ಹಿತ್ತಲಿಗೆ ನಾನು ಈಗ ಅದನ್ನೇ ಕೊಡೋದು.

ಕಲಬುರಗಿಗೆ ನಾವು ಹೋಗಿದ್ದು ಬೇಸಿಗೆಯಲ್ಲಿ. ಮನೆ ಸಾಮಾನು ಜೋಡಿಸಿ ನಾನು ಹಿತ್ತಲು ನೋಡುತ್ತಿದ್ದಾಗ ಮನೆ ಮಾಲಕಿ, ವಯಸ್ಸಾದವರು, ಹೇಳಿದ್ದು ಇಷ್ಟು: "ತಂಗಿ, ಈಗ ಏನೂ ಹಚ್ಚಬ್ಯಾಡವಾ. ಮಿರಗ ಬರ್ಲಿ." ಮಿರಗ ಅಂದರೆ ಮೃಗಶಿರಾ ಮಳೆ, ಜೂನ್ 7–8ರ ಹೊತ್ತಿಗೆ. ಅಲ್ಲಿಯ ಕೆಟ್ಟ ಕಾಲ ಏಪ್ರಿಲ್, ಮೇ. 42–43 ಡಿಗ್ರಿ ಬಿಸಿಲು. ಎರೆಮಣ್ಣು ಕೈ ಹೋಗುವಷ್ಟು ಬಿರಿದಿರುತ್ತದೆ.

ಆದರೆ ಆ ಎರಡು ತಿಂಗಳನ್ನು ಸುಮ್ನೆ ಬಿಡಬೇಕಾಗಿಲ್ಲ. ಮಣ್ಣು ಸ್ವಚ್ಛ ಮಾಡಲು ಅಂಥ ಬಿಸಿಲು ಮಲೆನಾಡಿನವರಿಗೆ ಎಲ್ಲಿ ಸಿಗಬೇಕು? ಮಡಿಯನ್ನು ಅಗೆದು ಸಮ ಮಾಡಿ, ಚೆನ್ನಾಗಿ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಮಣ್ಣು ಮುಚ್ಚಬೇಕು. ನಾಲ್ಕರಿಂದ ಆರು ವಾರ ಹಾಗೇ ಬಿಡಬೇಕು. ಮೇಲ್ಮಣ್ಣಿನ ಕಳೆ ಬೀಜ, ಹುಳದ ಮೊಟ್ಟೆ, ರೋಗದ ಅಣುಗಳು ಬಹುಪಾಲು ಬೆಂದು ಹೋಗುತ್ತವೆ. ಹಾಳೆ ಕಪ್ಪು ಬಣ್ಣದ್ದಾದರೆ ಅಷ್ಟು ಕಾವು ಮಣ್ಣಿಗಿಳಿಯಲ್ಲ, ಪಾರದರ್ಶಕವೇ ಆಗಬೇಕು. ಮಣ್ಣು ಹಸಿ ಇರಬೇಕು, ಒಣಮಣ್ಣಿನಲ್ಲಿ ಕಾವು ಕೆಳಗೆ ಹೋಗುವುದಿಲ್ಲ.

ಟೊಮೆಟೊ ಲೆಕ್ಕ ಅಲ್ಲಿ ಹೀಗೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಬಿಸಿ ಇಳಿಯದಿದ್ದರೆ ಟೊಮೆಟೊ ಹೂ ಕಾಯಿ ಕಚ್ಚದೆ ಉದುರುತ್ತದೆ. ಪರಾಗವೇ ಕೆಲಸ ಮಾಡಲ್ಲ. ಗೊಬ್ಬರ ಹಾಕಿ, ಔಷಧ ಹೊಡೆದು ಪ್ರಯೋಜನ ಇಲ್ಲ. ಕಲಬುರಗಿಯಲ್ಲಿ ಮಾರ್ಚ್ ಹೊತ್ತಿಗೆ ಆ ಸ್ಥಿತಿ ಬರುತ್ತದೆ. ಅಂದರೆ ಹೂವು ನವೆಂಬರಿನಿಂದ ಫೆಬ್ರವರಿ ಒಳಗೆ ಬರಬೇಕು. ಹಾಗಾದರೆ ಸಸಿ ನೆಡುವುದು ಸೆಪ್ಟೆಂಬರ್ ಕೊನೆಗೆ, ಬೀಜ ಹಾಕುವುದು ಆಗಸ್ಟ್ ಕೊನೆಗೆ. ನಾನು ಬರೆದಿಟ್ಟುಕೊಂಡಿದ್ದು ಈ ಒಂದು ಸಾಲು. ಚಳಿಗಾಲ ಪೂರ್ತಿ ಮನೆ ಟೊಮೆಟೊ ಸಿಗುತ್ತಿತ್ತು. ಮೆಂತೆ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಮೂಲಂಗಿ ಎಲ್ಲ ಅದೇ ಕಾಲಕ್ಕೆ. ಬಿಸಿಲು ಏರುತ್ತಾ ಹೋದ ಹಾಗೆ ಚವಳಿಕಾಯಿ (ಗೋರಿಕಾಯಿ), ಪುಂಡಿಪಲ್ಯ (ಗೋಂಗುರ), ರಾಜಗಿರಿಗೆ ಬದಲಾಯಿಸಿಕೊಳ್ಳುತ್ತಿದ್ದೆ. ಇವು ಮೂರೂ ಬಿಸಿಲಿಗೆ ಹೆದರುವುದಿಲ್ಲ. ಮೆತ್ತನೆ ಸೊಪ್ಪಿಗೆ ಶೇಕಡಾ 50ರಷ್ಟು ಬಿಸಿಲು ತಡೆಯುವ ಶೇಡ್ ನೆಟ್ ಕಟ್ಟಿದರೆ ಮಾರ್ಚ್ ಕೊನೆವರೆಗೂ ಎಳೆಯಬಹುದು.

ತವರಿನ ಏರುಮಡಿ ಅಲ್ಲಿ ಕೆಲಸಕ್ಕೆ ಬಾರದು. ಒಣನಾಡಿನಲ್ಲಿ ಎತ್ತರದ ಮಡಿ ಬೇಗ ಒಣಗುತ್ತದೆ. ಚಳಿಗಾಲ, ಬೇಸಿಗೆಗೆ ನಾನು ಅರ್ಧ ಅಡಿ ತಗ್ಗಿನ ಮಡಿ ಮಾಡಿಕೊಂಡೆ. ಮೇಲೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು. ಕಲಬುರಗಿ ತೊಗರಿಯ ನಾಡು, ಹೊಟ್ಟಿಗೆ ಬರವಿಲ್ಲ. ತೊಗರಿ ಕಟ್ಟಿಗೆ ಬಳ್ಳಿಗೆ ಆಸರೆಯೂ ಆಗುತ್ತದೆ. ಆದರೆ ಎರೆಮಣ್ಣಿಗೆ ಇನ್ನೊಂದು ಗುಣ ಇದೆ. ಸೆಪ್ಟೆಂಬರಿನ ದೊಡ್ಡ ಮಳೆ ಬಂದರೆ ನೀರು ಇಂಗುವುದೇ ಇಲ್ಲ, ನಿಂತುಬಿಡುತ್ತದೆ. ಅದಕ್ಕೆ ತಗ್ಗುಮಡಿಯ ಒಂದು ಮೂಲೆ ಒಡೆದು ಬಿಡುವಂತೆ ಇಟ್ಟುಕೊಳ್ಳಬೇಕು.

ನೀರಿನ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಗಡಿಗೆ. ಸುಟ್ಟ ಮಣ್ಣಿನ, ಬಣ್ಣ ಬಳಿಯದ ಗಡಿಗೆ. ಕುತ್ತಿಗೆವರೆಗೆ ನೆಲದಲ್ಲಿ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳ ಇಡುವುದು. ಮಣ್ಣು ಒಣಗಿದಷ್ಟು ನೀರು ಗೋಡೆಯಿಂದ ಜಿನುಗುತ್ತದೆ. ಮಣ್ಣು ಹಸಿಯಾಗಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಸುತ್ತ ಒಂದು ಮೊಳದೊಳಗೆ ಸೌತೆ, ಹೀರೆ, ಬದನೆ ನೆಟ್ಟರೆ ಬೇರು ತಾನಾಗಿ ಗಡಿಗೆ ಹುಡುಕಿಕೊಂಡು ಬರುತ್ತದೆ. ಊರಿಗೆ ಹೋಗಿ ಎರಡು ಮೂರು ದಿನ ಬಿಟ್ಟು ಬಂದರೂ ಗಿಡ ಬಾಡುತ್ತಿರಲಿಲ್ಲ. ಅಲ್ಲಿಯ ಗಡಸು ನೀರಿಗೆ ಗಡಿಗೆಯ ರಂಧ್ರ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹೊರತೆಗೆದು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು.

ಬೆಂಗಳೂರಿಗೆ ಬಂದಾಗ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. 900 ಮೀಟರಿಗೂ ಎತ್ತರದ ಊರು. ಚಳಿಗೆ ಸಾಯುವ ಗಿಡ ಇಲ್ಲ, ಬಿಸಿಲಿಗೆ ಸುಡುವ ಗಿಡವೂ ಕಮ್ಮಿ. ಬೀನ್ಸ್, ನವಿಲುಕೋಸು, ಕ್ಯಾರೆಟ್, ಎಲ್ಲ ಬರುತ್ತದೆ. ಆದರೆ ವರ್ಷಪೂರ್ತಿ ಬೆಳೆ ಇದ್ದರೆ ವರ್ಷಪೂರ್ತಿ ಹುಳವೂ ಇರುತ್ತದೆ. ಮಲೆನಾಡಿನ ಮಳೆ ಬಿಳಿನೊಣವನ್ನು ತೊಳೆದು ಹಾಕುತ್ತಿತ್ತು, ಕಲಬುರಗಿಯ ಬಿಸಿಲಲ್ಲಿ ಅದು ಕೂರಲು ಹಸಿರೇ ಉಳಿಯುತ್ತಿರಲಿಲ್ಲ. ಇಲ್ಲಿ ಅದಕ್ಕೆ ರಜೆಯೇ ಇಲ್ಲ. ಹಾಗಾಗಿ ರಜೆಯನ್ನು ನಾನೇ ಕೊಡುತ್ತೇನೆ. ವರ್ಷದಲ್ಲಿ ಎರಡು ತಿಂಗಳು ಟೊಮೆಟೊ, ಬದನೆ, ಮೆಣಸಿನ ಜಾತಿಯ ಒಂದು ಗಿಡವನ್ನೂ ಇಟ್ಟುಕೊಳ್ಳಲ್ಲ. ಬರೀ ಹರಿವೆ, ದಂಟು, ಪುದೀನ. ಬಿಳಿನೊಣ ಹರಡುವ ಎಲೆ ಮುಟುರು ರೋಗ ಆಮೇಲೆ ಎಷ್ಟೋ ಕಡಿಮೆಯಾಗಿದೆ. ಇನ್ನುಳಿದದ್ದಕ್ಕೆ ಹಳದಿ ಅಂಟು ಬಲೆ, ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಚೂರು ಸೋಪು, ಅದೂ ಸಂಜೆ ಹೊತ್ತು.

ನಗರದ ನಿಜವಾದ ತೊಂದರೆ ಬೆಳಕು. ನಮ್ಮದು ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ. ಡಿಸೆಂಬರಿನಲ್ಲಿ ಬಿಸಿಲು ಒಳಗೆ ಕೋಣೆವರೆಗೂ ಬರುತ್ತದೆ. ಜೂನಿನಲ್ಲಿ ಕುಂಡಕ್ಕೂ ತಾಗಲ್ಲ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ದಕ್ಷಿಣದ ಬಾಲ್ಕನಿ ಆಗ ನೆರಳು. ಫೆಬ್ರವರಿಯಲ್ಲಿ ಚೆನ್ನಾಗಿದ್ದ ಗಿಡ ಜೂನಿನಲ್ಲಿ ಸೊರಗಿದರೆ ಗೊಬ್ಬರದ ಕೊರತೆ ಅಂದುಕೊಳ್ಳುವವರೇ ಜಾಸ್ತಿ. ಮೊದಲು ಮಧ್ಯಾಹ್ನ ನಿಂತು ನೆರಳು ಎಲ್ಲಿ ಬೀಳುತ್ತದೆ ನೋಡಿ. ಕಾಯಿ ಬಿಡುವ ಗಿಡಗಳನ್ನು ಇಲ್ಲಿ ನಾನು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಡುತ್ತೇನೆ. ನಡುವಿನ ತಿಂಗಳಿಗೆ ಒಂದೆಲಗ, ಪುದೀನ, ಶುಂಠಿ. ನಮ್ಮ ಬಾಲ್ಕನಿಯ ಕೆಟ್ಟ ಕಾಲ ಕೊನೆಗೂ ಸಿಕ್ಕಿದ್ದು ಹೀಗೆ.

ಅವರೆಗೂ ಬೆಳಕಿಗೂ ಇನ್ನೊಂದು ನಂಟು. ನಾಟಿ ಅವರೆಗೆ ಹಗಲು ಗಿಡ್ಡವಾದರೇ ಹೂವು. ಫೆಬ್ರವರಿಯಲ್ಲಿ ಹಾಕಿದರೆ ತಿಂಗಳುಗಟ್ಟಲೆ ಬರೀ ಬಳ್ಳಿ, ಬರೀ ಎಲೆ. ಜುಲೈ–ಆಗಸ್ಟಿನಲ್ಲಿ ಹಾಕಿದರೆ ಡಿಸೆಂಬರ್, ಜನವರಿಗೆ ಸೊನೆ ಘಮಘಮಿಸುವ ಕಾಯಿ. ಬೇರೆ ಕಾಲದಲ್ಲಿ ಬೇಕೇ ಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಹಗಲಿನ ಉದ್ದ ಎಷ್ಟೇ ಇರಲಿ ಹೂ ಬಿಡುತ್ತವೆ. ರುಚಿಗೆ ನಾನು ನಾಟಿಯನ್ನೇ ಕಾಯುತ್ತೇನೆ.

ಹಣ್ಣಿನ ಗಿಡದ್ದು ಚಿಕ್ಕದಾಗಿ ಹೇಳುತ್ತೇನೆ. ಪಪ್ಪಾಯ ಮೂರೂ ಕಡೆ ಬರುತ್ತದೆ, ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಮೂರೂ ಕಡೆ ಸಾಯುತ್ತದೆ. ಮಲೆನಾಡಾಗಲಿ ಎರೆಮಣ್ಣಾಗಲಿ ಗುಡ್ಡೆ ಮಾಡಿ ನೆಡಿ. ದಾಳಿಂಬೆ ಒಣನಾಡಿನ ಹಣ್ಣು. ಮಲೆನಾಡಿನ ಮಳೆಗೆ ಚುಕ್ಕೆ ಬಿದ್ದು ಒಡೆಯುತ್ತದೆ, ಅಲ್ಲಿ ಅದರ ಆಸೆ ಬಿಟ್ಟು ಬೆಣ್ಣೆಹಣ್ಣು ನೆಡುವುದು ವಾಸಿ. ನಿಂಬೆ ದೊಡ್ಡ ಡ್ರಮ್ಮಿನಲ್ಲೂ ಬರುತ್ತದೆ. ಅದಕ್ಕೆ ಕೆಲವು ವಾರ ನೀರು ಕಡಿಮೆ ಮಾಡಿ, ಎಲೆ ಸ್ವಲ್ಪ ಮುದುಡಿದ ಮೇಲೆ ಚೆನ್ನಾಗಿ ನೀರು, ಗೊಬ್ಬರ ಕೊಟ್ಟರೆ ಹೂ ತುಂಬುತ್ತದೆ.

ಈಗ ನಮ್ಮ ಬಾಲ್ಕನಿಯಲ್ಲಿ ತವರಿನ ಸೌತೆ ಬೀಜವಿದೆ, ಕಲಬುರಗಿಯ ಪುಂಡಿ ಬೀಜವೂ ಇದೆ. ಬೂದಿ ಸವರಿ, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹೆಸರು, ತಿಂಗಳು ಬರೆದು ಇಟ್ಟಿದ್ದೇನೆ. ಸೌತೆ, ಟೊಮೆಟೊ, ಬದನೆ ಬೀಜ ಹೀಗೆ ಮೂರು ನಾಲ್ಕು ವರ್ಷ ತಡೆಯುತ್ತದೆ. ಈರುಳ್ಳಿ ಬೀಜ ಒಂದೇ ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಅದನ್ನು ಪ್ರತಿ ಸಲ ಹೊಸದಾಗಿ ತರುತ್ತೇನೆ.