ಗೋಮಾಳಕ್ಕೆ ಬರೆದ ಮೂರು ಸಾಲು

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡು 2011ರಲ್ಲಿ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಕಾಡುಪ್ರಾಣಿಯ ವನ್ಯಧಾಮವಾಯಿತು. ಅದರ ಅಂಚಿಗೇ ನಮ್ಮೂರಿನ ಗೋಮಾಳ, ಅದರಲ್ಲೊಂದು ದನಕರು ನೀರು ಕುಡಿಯುವ ಗೋಕಟ್ಟೆ. ಕಾಡು ಅರಣ್ಯ ಇಲಾಖೆಯ ಲೆಕ್ಕ, ಗೋಮಾಳ ಊರಿನ ಲೆಕ್ಕ. ಕೊಂಡುಕುರಿ ನೀರು ಬಿಟ್ಟು ಇರಲಾರದು. ಬೇಸಿಗೆಯಲ್ಲಿ ಗೆರೆ ದಾಟಿ ಗೋಕಟ್ಟೆಗೆ ಬರುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಊರಿನ ಗಿಡಮರ, ಪ್ರಾಣಿಗಳನ್ನು ಕಾಪಾಡುವ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮಲ್ಲೂ ಮಾಡಿದರು. ನಿವೃತ್ತ ಮೇಷ್ಟರೆಂದು ನನ್ನನ್ನು ಸೇರಿಸಿಕೊಂಡು, ಬರೆಯುವ ಕೆಲಸವನ್ನೆಲ್ಲ ನನ್ನ ತಲೆಗೇ ಕಟ್ಟಿದರು.

ನಾನು ಬರೆದ ಮೊದಲ ನಿಯಮ: ಗೋಮಾಳದಲ್ಲಿ ಕುರಿ, ಮೇಕೆ ಮೇಯಿಸುವಂತಿಲ್ಲ, ತಪ್ಪಿದರೆ ದಂಡ. ಅಕ್ಷರ ದುಂಡಗಿತ್ತು, ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ. ಎರಡು ತಿಂಗಳಲ್ಲಿ ಹಗಲು ಮೇಯುತ್ತಿದ್ದ ಮೇಕೆಗಳು ರಾತ್ರಿ ಮೇಯತೊಡಗಿದವು. ಶಿವರಾತ್ರಿಯ ಹೊತ್ತಿಗೆ ಯಾರೂ ಕೊಯ್ಯದ ಒಣಹುಲ್ಲಿಗೆ ಬೆಂಕಿ ಬಿತ್ತು. ದಂಡ ಕಟ್ಟಿದವಳು ಒಬ್ಬಳೇ, ಎರಡು ಮೇಕೆಯ ಒಡತಿ. ದೊಡ್ಡ ಹಿಂಡಿನವರ ಹತ್ತಿರ ದಂಡ ಕೇಳುವ ಧೈರ್ಯ ನಮ್ಮ ಯಾರಿಗೂ ಇರಲಿಲ್ಲ.

ಆಮೇಲೆ ಕುರಿ ಕಾಯುವ ಅಜ್ಜನೊಬ್ಬನ ಹಿಂದೆ ನಾಲ್ಕು ದಿನ ತಿರುಗಿದೆ. ಜಾಲಿ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಕ್ಕೆಯ ರಾಶಿಯೊಂದನ್ನು ತೋರಿಸಿದ. "ಮೇಷ್ಟ್ರೇ, ನಮ್ಮ ಕುರಿ ನಡೆಯುತ್ತಲೇ ಉದುರಿಸುತ್ತದೆ. ಕೊಂಡುಕುರಿ ಹಾಗಲ್ಲ, ಹಾಕಿದ ಜಾಗಕ್ಕೇ ಮತ್ತೆ ಬಂದು ಹಾಕುತ್ತದೆ." ಮೇಲಿನ ಒಂದು ಹಿಕ್ಕೆಯನ್ನು ಬೆರಳಲ್ಲಿ ಹಿಸುಕಿ, "ಹಸಿ ಇದೆ, ರಾತ್ರಿ ಬಂದಿದೆ" ಎಂದ. ಹುಲ್ಲಿನ ಬೀಜ ಉದುರುವ ಮೊದಲು ಮೇಯಿಸಿದರೆ ಮರುವರ್ಷ ನೆಲ ಬೋಳಾಗುತ್ತದೆ, ಉದುರಿದ ಮೇಲೆ ಮೇಯಿಸಿದರೆ ಕುರಿಯ ಗೊರಸೇ ಬೀಜವನ್ನು ಮಣ್ಣಿಗೆ ತುಳಿಯುತ್ತದೆ ಎಂದೂ ಹೇಳಿದ. ಇದನ್ನು ಮೊದಲೇ ಕೇಳಬಹುದಿತ್ತು.

ಹೊಸ ನಿಯಮ ಮೂರೇ ಸಾಲಿನದು. ಗೋಮಾಳದ ಒಂದು ಮಗ್ಗುಲು ದೀಪಾವಳಿ ಕಳೆಯುವ ತನಕ ಬಂದ್; ಮರುವರ್ಷ ಇನ್ನೊಂದು ಮಗ್ಗುಲು. ಒಣಹುಲ್ಲನ್ನು ಯಾರು ಬೇಕಾದರೂ ಕೊಯ್ದು ತಲೆಹೊರೆಯಲ್ಲಿ ಒಯ್ಯಬಹುದು, ಟ್ರ್ಯಾಕ್ಟರ್ ಬಿಡುವುದಿಲ್ಲ. ಸಂಜೆ ದೀಪ ಹಚ್ಚಿದ ಹೊತ್ತಿನಿಂದ ಬೆಳಕು ಹರಿಯುವ ತನಕ ಗೋಕಟ್ಟೆಯ ಬಳಿ ದನ, ಕುರಿ, ನಾಯಿ ಬೇಡ. ದಂಡವನ್ನು ಹಿಂಡಿನ ತಲೆ ಎಣಿಸಿ ಹಾಕುವುದೆಂದು ಕುರಿಗಾರರೇ ತೀರ್ಮಾನಿಸಿದರು, ವಸೂಲಿಯನ್ನೂ ಅವರೇ ಹೊತ್ತರು.

ಮೊದಲು ಇನ್ನೊಂದು ಸಾಲೂ ಇತ್ತು: ಊರಿಗೆ ಬಂದು ಸೀತಾಫಲ ಕೊಳ್ಳುವ ವ್ಯಾಪಾರಿಗಳಿಂದ ಶುಲ್ಕ. ಅದಕ್ಕೆ ಜೀವವೈವಿಧ್ಯ ಕಾಯ್ದೆಯಲ್ಲೇ ಅವಕಾಶವಿದೆ. ಪ್ರಯತ್ನಿಸಿದೆವು. ಅವರು ಊರಿಗೆ ಬರುವುದನ್ನು ಬಿಟ್ಟು ಸಂತೆಯಲ್ಲೇ ಕೊಂಡರು. ಬುಟ್ಟಿ ಹೊತ್ತು ಬಸ್ ಹತ್ತಿದವರು ನಮ್ಮ ಹೆಂಗಸರು. ಆ ಸಾಲನ್ನು ಹೊಡೆದು ಹಾಕಿದೆ.

ನಿಯಮ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಜ್ಜನ ದಾರಿಯನ್ನೇ ಹಿಡಿದಿದ್ದೇನೆ. ಪ್ರತಿ ಅಮಾವಾಸ್ಯೆಯ ಮರುದಿನ ಗೋಕಟ್ಟೆಯ ಸುತ್ತ ನಡೆದು ಹಸಿ ಹಿಕ್ಕೆಯ ರಾಶಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಮೊದಲ ಬೇಸಿಗೆಯಲ್ಲಿ ಎರಡಿದ್ದವು, ಕಳೆದ ಬೇಸಿಗೆಯಲ್ಲಿ ಐದು. ಮಳೆ ಚೆನ್ನಾಗಿದ್ದ ವರ್ಷವಾದ್ದರಿಂದ ಅದರ ಪುಣ್ಯವೆಲ್ಲ ನಮ್ಮ ನಿಯಮದ್ದೇ ಎನ್ನಲಾರೆ.

ಈ ಸಲ ಹೊರಗಿನಿಂದ ದೊಡ್ಡ ಹಿಂಡುಗಳು ಬಂದು ಹೊಲಗಳಲ್ಲಿ ಬೀಡುಬಿಟ್ಟಿವೆ. ಅವರ ವಿಷಯಕ್ಕೆ ನಮ್ಮ ಮೂರು ಸಾಲಿನಲ್ಲಿ ಏನೂ ಇಲ್ಲ. ನಾಳೆ ಅಜ್ಜನನ್ನು ಕರೆದುಕೊಂಡು ಅವರ ಬಿಡಾರಕ್ಕೆ ಹೋಗಬೇಕು.